ಹಳೇ ವಿಮಾನ ನೋಡಲು ಮೊಹಾವಿಯೋ, ಪಿನಾಲೋ, ಪೀಮಾನೋ?

ಎಷ್ಟು ಹತ್ತಿರದಿಂದ ನೋಡಬೇಕು ಅನ್ನೋದನ್ನು ಮೊದಲು ತೀರ್ಮಾನಿಸಿ. ಉಳಿದದ್ದು ಸುಲಭ.

ಅಮೆರಿಕದ ಕ್ಯಾಲಿಫೋರ್ನಿಯಾದ ಮೊಹಾವಿ, ಅರಿಜೋನಾದ ಪಿನಾಲ್ ಏರ್‌ಪಾರ್ಕ್ ಎರಡೂ ಹಾರಾಟ ನಿಲ್ಲಿಸಿದ ವಿಮಾನಗಳನ್ನು ಇಡುವ ಮರುಭೂಮಿಯ ಯಾರ್ಡ್‌ಗಳು, ಅಲ್ಲಿ ಇಂದಿಗೂ ಕೆಲಸ ನಡೆಯುತ್ತದೆ. ಒಣ ಹವೆಯಲ್ಲಿ ಲೋಹ ಬೇಗ ಹಾಳಾಗುವುದಿಲ್ಲ, ಗಟ್ಟಿ ನೆಲ ಭಾರ ತಡೆಯುತ್ತದೆ. ಎಂಜಿನ್ ಬಾಯಿ ಮುಚ್ಚಿ, ಕಂಪನಿ ಹೆಸರು ಅಳಿಸಿ ನಿಲ್ಲಿಸಿದ ಜೆಟ್‌ಗಳ ಸಾಲು ನೋಡಿದರೆ ನಿಜಕ್ಕೂ ಮನಸ್ಸು ತುಂಬುತ್ತದೆ. ಆದರೆ ಸುಮ್ನೆ ಒಳಗೆ ಹೋಗುವಂತಿಲ್ಲ. ಪಿನಾಲ್‌ಗೆ ಮೊದಲೇ ಕೇಳಿ ಒಪ್ಪಿಗೆ ಪಡೆಯಬೇಕು. ಮೊಹಾವಿಯಲ್ಲಿ ಬೇಲಿಯಾಚೆಯಿಂದ ನೋಡಲು ಖರ್ಚಿಲ್ಲ, ಉದ್ದನೆಯ ಲೆನ್ಸ್ ಮಾತ್ರ ಬೇಕು. ಲಾಸ್ ಏಂಜಲೀಸ್‌ನಿಂದ ಸುಮಾರು 150 ಕಿಲೋಮೀಟರ್, ಒಂದೇ ದಿನದಲ್ಲಿ ಹೋಗಿ ಬರಬಹುದು.

ಅರಿಜೋನಾದ ಟೂಸಾನ್ ನಗರದ ಪೀಮಾ ವಿಮಾನ ಮ್ಯೂಸಿಯಂಗೆ ಟಿಕೆಟ್ ಇದೆ. ಅಲ್ಲಿ ಸುಮಾರು 400 ವಿಮಾನಗಳಿವೆ, ಬೋಯಿಂಗ್ 787ರ ಆರಂಭದ ಮಾದರಿಯೂ ಇದೆ. ರೆಕ್ಕೆಯ ಕೆಳಗೇ ಓಡಾಡಬಹುದು, ಬಿಸಿಲು ಜಾಸ್ತಿಯಾದರೆ ಹ್ಯಾಂಗರ್ ಒಳಗೆ ಹೋಗಬಹುದು. ಮಕ್ಕಳು, ಹಿರಿಯರು ಜೊತೆಗಿದ್ದರೆ ನಾನು ಇದನ್ನೇ ಹೇಳುತ್ತೇನೆ. ಪಕ್ಕದ ಮಿಲಿಟರಿ ಯಾರ್ಡ್‌ನ ಬಸ್ ಪ್ರವಾಸ 2020ರಲ್ಲೇ ನಿಂತಿತು, ಅದನ್ನು ನಂಬಿಕೊಂಡು ಹೋಗಬೇಡಿ.

ಫೋಟೋ ಹುಚ್ಚಿದ್ದು ದೂರದ ನೋಟ ಸಾಕಾದರೆ ಮೊಹಾವಿ. ನಿಜವಾದ ಯಾರ್ಡನ್ನೇ ನೋಡಬೇಕು, ಒಪ್ಪಿಗೆಗೆ ಕಾಯಬಲ್ಲೆ ಅಂದರೆ ಪಿನಾಲ್. ಎಲ್ಲಿಗೇ ಹೋದರೂ ಬೇಸಿಗೆ ಬೇಡ.