ಒಳಾಂಗಣ, ಬಯಲು, ಮಂಟಪ: ಮೂರೂ ಕಡೆ ಆಡಿಸಿ ನೋಡಿದ ಮೇಲೆ

ತೀರ್ಥಹಳ್ಳಿ ಕಡೆಯ ಒಂದು ಕಾಲೇಜಿನಲ್ಲಿ ನಾನು ಪಿ.ಟಿ. ಮೇಷ್ಟ್ರು. ಟೂರ್ನಿ ನಡೆಸುವುದು, ಕಾಲೇಜ್ ಡೇ ಮಾಡಿಸುವುದು ಎರಡೂ ನನ್ನ ಪಾಲಿಗೇ ಬರುತ್ತವೆ. ಹಾಗಾಗಿ ಮೂರು ತರದ ಜಾಗ ಬಳಸಿದ್ದೇನೆ: ಕ್ಯಾಂಪಸ್‌ ಒಂದರ ದೊಡ್ಡ ಒಳಾಂಗಣ ಕ್ರೀಡಾಂಗಣ, ಊರ ಬಯಲು, ಕಲ್ಯಾಣ ಮಂಟಪ.

ಮಂಟಪ ಊಟಕ್ಕೆ ಚೆನ್ನ, ಆಟಕ್ಕಲ್ಲ. ಟೂರ್ನಿ ಮಟ್ಟದ ಶಟಲ್‌ಗೆ ತಲೆ ಮೇಲೆ ಕಡಿಮೆ ಅಂದರೂ 9 ಮೀಟರ್ ಖಾಲಿ ಬೇಕು. ಅಲ್ಲಿ ಎತ್ತಿ ಹೊಡೆದದ್ದೆಲ್ಲ ಫ್ಯಾನಿಗೆ ಬಡಿಯಿತು.

ಬಯಲು ನನಗೆ ಬಹಳ ಇಷ್ಟ. ಅಡಿಕೆ ಕೊಯ್ಲು ಮುಗಿದ ಮೇಲೆ ಹೊನಲು ಬೆಳಕಿನ ವಾಲಿಬಾಲ್ ನೋಡಬೇಕು. 2.43 ಮೀಟರ್ ನೆಟ್ ಮೇಲಿಂದ ಹುಡುಗ ಸ್ಮ್ಯಾಷ್ ಹೊಡೆದಾಗ ಸುತ್ತ ನಿಂತ ಊರೇ ಕೂಗುತ್ತದೆ. ಆ ಕೂಗು ಯಾವ ಗ್ಯಾಲರಿಯಲ್ಲೂ ಹುಟ್ಟುವುದಿಲ್ಲ. ಆದರೆ ಜೂನ್ ಬಂತೆಂದರೆ ಮುಗಿಯಿತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ. ನಮ್ಮ ಕಡೆ ಅಷ್ಟಿಲ್ಲದಿದ್ದರೂ ಕೋರ್ಟ್ ತಿಂಗಳುಗಟ್ಟಲೆ ಕೆಸರು. ಒಮ್ಮೆ ಶಾಮಿಯಾನ ಹಾಕಿಸಿ ಕಬಡ್ಡಿ ಆಡಿಸಲು ಹೋದೆವು. ನೀರು ತುಂಬಿ ಬಟ್ಟೆ ಜೋತುಬಿತ್ತು, ಮ್ಯಾಟ್ ನೆನೆಯಿತು, ಆಟ ನಿಂತಿತು.

ಒಳಾಂಗಣದ ಬೆಲೆ ಆಗ ಗೊತ್ತಾಗುವುದು. ಹೊರಗೆ ಜಡಿಮಳೆ, ಒಳಗೆ ಬೆಳಿಗ್ಗೆಯಿಂದ ಸಂಜೆವರೆಗೆ ಪಂದ್ಯ. ಬ್ಯಾಸ್ಕೆಟ್‌ಬಾಲ್‌ನ 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಕಣದಲ್ಲೇ ವಾಲಿಬಾಲ್, ಶಟಲ್ ಗೆರೆಗಳೂ ಇದ್ದವು. ಮೊದಲ ದಿನ ಹೊಸಬರಿಗೆ ಯಾವ ಗೆರೆ ಯಾವ ಆಟದ್ದು ಅಂತಲೇ ಗೊಂದಲವಾಯಿತು. ಅದಕ್ಕೆ ಒಂದೊಂದು ಆಟಕ್ಕೆ ಒಂದೊಂದು ಬಣ್ಣ ಇರಲೇಬೇಕು. ಶಟಲ್ ಆಡುವಾಗ ಪಕ್ಕದ ಬಾಗಿಲುಗಳನ್ನೂ ಮುಚ್ಚಬೇಕು. ಶಟಲ್ ತೂಕ 5 ಗ್ರಾಂ ಆಸುಪಾಸು ಅಷ್ಟೆ. ಸುಮ್ನೆ ಬೀಸಿದ ಗಾಳಿಗೂ ಗೆರೆ ದಾಟುತ್ತದೆ.

ನಿಜವಾದ ತೊಂದರೆ ಅಲ್ಲೇ ಕಾರ್ಯಕ್ರಮ ಇಟ್ಟಾಗ ಶುರುವಾಯಿತು. ಮರದ ನೆಲದ ಮೇಲೆ ಕಬ್ಬಿಣದ ಕುರ್ಚಿ ಎಳೆದರು. ಸಾಮಾನು ಸಾಗಿಸಲು ದಿನವಿಡೀ ಬಾಗಿಲು ತೆರೆದಿಟ್ಟರು, ಇರಚಲು ಒಳಗೆ ಹೊಡೆಯಿತು. ಮರ ತೇವ ಕುಡಿದರೆ ಉಬ್ಬುತ್ತದೆ, ಅಲ್ವಾ? ಒಂದು ಹಲಗೆ ಎದ್ದು ನಿಂತಿತ್ತು. ಮುಂದಿನ ವಾರ ನಮ್ಮ ಹುಡುಗಿಯೊಬ್ಬಳು ಅದನ್ನೇ ಎಡವಿ ಕಾಲು ಉಳುಕಿಸಿಕೊಂಡಳು. ಆ ಸಲದ ಟೂರ್ನಿಯನ್ನೇ ಅವಳು ಆಡಲಿಲ್ಲ. ಅವಳ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದು ನನಗಿನ್ನೂ ಮರೆತಿಲ್ಲ.

ಯಕ್ಷಗಾನವನ್ನೂ ಅಲ್ಲೇ ಆಡಿಸಿದೆವು. ಚೆಂಡೆ ಸದ್ದು ಶೀಟಿನ ಮಾಡಿಗೆ ಬಡಿದು ತಿರುಗಿ ಬಂತು, ಭಾಗವತರ ಪದ ಯಾರಿಗೂ ಕೇಳಲಿಲ್ಲ. ಮುಂದಿನ ಸಲ ಹಿಂದಿನ ಗೋಡೆಗೆ ದಪ್ಪ ಜಮಖಾನ ಇಳಿಬಿಟ್ಟೆವು. ಎರಡು ದೊಡ್ಡ ಸ್ಪೀಕರ್ ಬದಲು ಸಣ್ಣವನ್ನು ಎರಡೂ ಪಕ್ಕ ಇಟ್ಟೆವು. ಮಾತು ಕೇಳಿಸಿತು. ಮಳೆ ಜೋರಾದಾಗ ಮಾತ್ರ ಅದೂ ಹೋಯಿತು.

ಮೂರರಲ್ಲಿ ಒಂದನ್ನು ಆರಿಸು ಅಂದರೆ ನಾನು ಒಳಾಂಗಣವನ್ನೇ ಆರಿಸುತ್ತೇನೆ. ಆದರೆ ಆಟದ ದಿನಗಳನ್ನು ಮೊದಲು ಗುರುತಿಸಿ, ಉಳಿದ ದಿನ ಮಾತ್ರ ಸಭೆಗೆ ಕೊಡಬೇಕು. ಕುರ್ಚಿ ಇಡುವ ಮೊದಲು ನೆಲಕ್ಕೆ ಮ್ಯಾಟ್ ಹಾಸಲೇಬೇಕು. ಯಕ್ಷಗಾನಕ್ಕೆ ಬಯಲೇ ಸರಿ. ಈ ಸಲ ಕಾಲೇಜ್ ಡೇಯನ್ನು ಜನವರಿಗೆ ಇಡಿ, ಮೈದಾನದಲ್ಲೇ ಮಾಡೋಣ ಎಂದು ಪ್ರಿನ್ಸಿಪಾಲರನ್ನು ಕೇಳಿಕೊಂಡಿದ್ದೇನೆ.