ಆರಾ ಪಾಚಿಸ್ ಮ್ಯೂಸಿಯಂ, ರೋಮ್: ಟಿಕೆಟ್ ಕೊಳ್ಳುವ ಮುನ್ನ ಹೊರಗೋಡೆ ನೋಡಿ

ರೋಮ್ ಗಣರಾಜ್ಯ ಒಬ್ಬನ ಕೈವಶವಾದದ್ದು ಹೇಗೆಂದು ಕಣ್ಣಾರೆ ಕಾಣಬೇಕಿದ್ದರೆ, ಹಳೆಯ ರೋಮಿನ ಸಾರ್ವಜನಿಕ ಚೌಕವಾದ ಫೋರಂನ ಮುರಿದ ಕಂಬಗಳಿಗಿಂತ ಟೈಬರ್ ದಡದ ಈ ಗಾಜಿನ ಕಟ್ಟಡವೇ ಮೇಲು.

ನೇರವಾಗಿ ಕೌಂಟರಿಗೆ ಹೋಗಬೇಡಿ. ವಿಯಾ ದಿ ರಿಪೆತ್ತಾ ರಸ್ತೆಯ ಬದಿಯ ಹೊರಗೋಡೆಯ ಮೇಲೆ ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್ ತನ್ನ ಸಾಧನೆಗಳನ್ನು ತಾನೇ ಹೇಳಿಕೊಂಡ 'ರೆಸ್ ಗೆಸ್ತೆ' ಬರಹವಿದೆ. ಓದಲು ದುಡ್ಡು ಕೊಡಬೇಕಿಲ್ಲ. ಇರುವುದು ಲ್ಯಾಟಿನ್‌ನಲ್ಲಿ, ಹಾಗಾಗಿ ಅನುವಾದವನ್ನು ಫೋನಿಗೆ ಇಳಿಸಿಕೊಂಡು ಹೋಗಿ. 1 ಮತ್ತು 34ನೇ ಅಧ್ಯಾಯಗಳನ್ನಾದರೂ ಬಿಡಬೇಡಿ. ಹತ್ತೊಂಬತ್ತನೇ ವಯಸ್ಸಿನಲ್ಲಿ ಸ್ವಂತ ಖರ್ಚಿನಲ್ಲಿ ಸೈನ್ಯ ಕಟ್ಟಿದೆ ಎಂದೇ ಬರಹ ಶುರುವಾಗುತ್ತದೆ. ಯಾವ ಪದವಿಯೂ ಇಲ್ಲದವನಿಗೆ ಗಣರಾಜ್ಯದಲ್ಲಿ ಆ ಹಕ್ಕೇ ಇರಲಿಲ್ಲ! 34ರಲ್ಲಿ, ರಾಜ್ಯವನ್ನು ಸೆನೆಟ್‌ಗೂ ಜನರಿಗೂ ಒಪ್ಪಿಸಿದೆ ಎನ್ನುತ್ತಾನೆ. ಆದರೆ ಕ್ರಿ.ಪೂ. 27ರ ಅದೇ ಏರ್ಪಾಟಿನಲ್ಲಿ ಗಾಲ್, ಸಿರಿಯಾ, ಸ್ಪೇನಿನ ಬಹುಭಾಗ, ಅಂದರೆ ಹೆಚ್ಚಿನ ಲೀಜನ್‌ಗಳಿದ್ದ (ರೋಮಿನ ಸೇನಾ ತುಕಡಿಗಳಿದ್ದ) ಪ್ರಾಂತ್ಯಗಳು ಅವನ ಕೈಯಲ್ಲೇ ಉಳಿದವು. ಅಧಿಕಾರಕ್ಕಾಗಿ ಅವನೊಡನೆ ಹೋರಾಡಿ ಸೋತ ಆಂಟನಿಯ ಹೆಸರು ಇಡೀ ಬರಹದಲ್ಲಿ ಒಮ್ಮೆಯೂ ಇಲ್ಲ.

ಇಷ್ಟು ತಲೆಯಲ್ಲಿಟ್ಟುಕೊಂಡು ಒಳಗೆ ಬನ್ನಿ. ಸೆನೆಟ್ ಕ್ರಿ.ಪೂ. 13ರಲ್ಲಿ ಮಂಜೂರು ಮಾಡಿ, 9ರಲ್ಲಿ ಪ್ರತಿಷ್ಠಾಪನೆಯಾದ ಆರಾ ಪಾಚಿಸ್, ಅಂದರೆ ಶಾಂತಿಯ ಬಲಿಪೀಠವಿದು. ಸುತ್ತಲಿನ ಅಮೃತಶಿಲೆಯ ಪ್ರಾಕಾರ ಸುಮಾರು 11 ಮೀಟರ್ ಅಗಲ, ಅಷ್ಟೇ. ಒಂದು ಎಚ್ಚರಿಕೆ: 1938ರಲ್ಲಿ ಇದನ್ನು ಇಲ್ಲಿಗೆ ತಂದು ಜೋಡಿಸುವಾಗ 90 ಡಿಗ್ರಿ ತಿರುಗಿಸಿದ್ದಾರೆ. ಪುಸ್ತಕಗಳು 'ದಕ್ಷಿಣ ಬದಿ' ಎನ್ನುವುದನ್ನು ಫೋನಿನ ದಿಕ್ಸೂಚಿ ನೋಡಿ ಹುಡುಕಿದರೆ ಸಿಗುವುದಿಲ್ಲ. ಮೆಟ್ಟಿಲುಗಳಿಗೆ ಮುಖ ಮಾಡಿ ನಿಂತಾಗ ನಿಮ್ಮ ಬಲಕ್ಕಿರುವುದೇ ಅದು.

ಹೆಚ್ಚು ಹೊತ್ತು ನಿಲ್ಲಬೇಕಾದ್ದು ಅಲ್ಲಿಯೇ. ಗೋಡೆಯ ಮೇಲಿನ ಮೆರವಣಿಗೆಯ ಉಬ್ಬುಶಿಲ್ಪದಲ್ಲಿ ಎಡತುದಿಯ ಕಡೆ, ಕಲ್ಲು ಒಡೆದು ಅರ್ಧ ಉಳಿದ ಆಗಸ್ಟಸ್ ಇದ್ದಾನೆ. ಸಿಂಹಾಸನವಿಲ್ಲ, ರೋಮನ್ ನಾಗರಿಕರ ಉಡುಪಾದ ಟೋಗಾ ಉಟ್ಟು ಉಳಿದವರ ಜೊತೆ ನಡೆಯುತ್ತಿದ್ದಾನೆ. ಅವನ ಹಿಂದೆ ಮೊನೆಯುಳ್ಳ ಟೋಪಿಯ ಅರ್ಚಕರು, ಆಮೇಲೆ ತಲೆಗೆ ಮುಸುಕು ಹೊದ್ದ ಎತ್ತರದ ಅಳಿಯ ಅಗ್ರಿಪ್ಪ. ಪೀಠ ಮುಗಿಯುವ ಮೊದಲೇ, ಕ್ರಿ.ಪೂ. 12ರಲ್ಲಿ, ಅವನು ತೀರಿಕೊಂಡಿದ್ದ. ನಂತರ ಹೆಂಗಸರು, ಹಿರಿಯರ ಬಟ್ಟೆ ಹಿಡಿದ ಪುಟ್ಟ ಮಕ್ಕಳು. ರಾಜನೆಂಬ ಪದವಿಯೇ ಇಲ್ಲದ ರಾಜ್ಯದಲ್ಲಿ ಒಂದು ಮನೆತನ ಸರ್ಕಾರಿ ಸ್ಮಾರಕವೇರಿ ನಿಂತಿದೆ. ಮುಂದಿನ ವಾರಸುದಾರರನ್ನು ಇದೇ ಮನೆಯಲ್ಲಿ ಹುಡುಕಲಾಯಿತು.

ಎದುರು ಬದಿಯ ಉಬ್ಬುಶಿಲ್ಪದ ತಲೆಗಳಲ್ಲಿ ಬಹಳಷ್ಟು ನಂತರದ ದುರಸ್ತಿ, ಮುಖ ನೋಡಿ ಗುರುತಿಸಲು ಹೊರಡಬೇಡಿ. ಒಟ್ಟು ಒಂದೂವರೆ ಗಂಟೆ ಸಾಕು.