ಕವೆನೆಂಟ್ ಮದುವೆಯೋ, ಸಾಮಾನ್ಯ ಮದುವೆಯೋ?

ಅಮೆರಿಕದ ಲೂಸಿಯಾನಾದಲ್ಲಿ ಮದುವೆಯ ಲೈಸೆನ್ಸ್ ಪಡೆಯುವ ಜೋಡಿಗೆ ಎರಡು ದಾರಿಗಳಿವೆ: ಒಂದು ಸಾಮಾನ್ಯ ಮದುವೆ, ಇನ್ನೊಂದು ವಿಚ್ಛೇದನ ಸುಲಭವಾಗಿ ಸಿಗದ ಕವೆನೆಂಟ್ (ಒಡಂಬಡಿಕೆ) ಮದುವೆ. ಈ ಎರಡನೆಯದು ಧಾರ್ಮಿಕ ಸಂಪ್ರದಾಯವಾದಿಗಳ ಒತ್ತಾಸೆಯಿಂದ 1997ರಲ್ಲಿ ಕಾನೂನಾಯಿತು. ಮಸೂದೆ ತಂದ ಶಾಸಕ ಟೋನಿ ಪರ್ಕಿನ್ಸ್ ಮುಂದೆ ಫ್ಯಾಮಿಲಿ ರಿಸರ್ಚ್ ಕೌನ್ಸಿಲ್ ಎಂಬ ಕ್ರೈಸ್ತ ಸಂಪ್ರದಾಯವಾದಿ ಸಂಘಟನೆಯ ಮುಖ್ಯಸ್ಥರಾದರು. ಅರಿಜೋನಾ, ಅರ್ಕಾನ್ಸಾ ರಾಜ್ಯಗಳೂ ಇದನ್ನು ಅನುಸರಿಸಿದವು.

ಒಳಗೆ ಬರುವಾಗಿನ ವ್ಯತ್ಯಾಸ ಸಣ್ಣದು: ಕವೆನೆಂಟ್‌ಗೆ ಮೊದಲೇ ಪಾದ್ರಿಯಿಂದಲೋ ವೃತ್ತಿಪರ ಸಲಹೆಗಾರರಿಂದಲೋ ಸಮಾಲೋಚನೆ ಆಗಬೇಕು, ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಬಿಸಿ ಮುಟ್ಟುವುದು ಹೊರಬರುವಾಗ. ಸಾಮಾನ್ಯ ಮದುವೆಯಲ್ಲಿ ಯಾರ ತಪ್ಪನ್ನೂ ಸಾಬೀತುಪಡಿಸದೆ 180 ದಿನ ಬೇರೆ ಇದ್ದರೆ ವಿಚ್ಛೇದನ ಸಿಗುತ್ತದೆ. ಅಪ್ರಾಪ್ತ ಮಕ್ಕಳಿದ್ದರೆ 365 ದಿನ. ಕವೆನೆಂಟ್‌ನಲ್ಲಿ ವ್ಯಭಿಚಾರ, ಗಂಭೀರ ಅಪರಾಧಕ್ಕೆ ಶಿಕ್ಷೆ, ಒಂದು ವರ್ಷ ತೊರೆದುಹೋಗಿರುವುದು, ಸಂಗಾತಿ ಅಥವಾ ಮಗುವಿನ ಮೇಲೆ ದೌರ್ಜನ್ಯ, ಇವುಗಳಲ್ಲಿ ಒಂದನ್ನು ತೋರಿಸಬೇಕು. ಇಲ್ಲವಾದರೆ ಎರಡು ವರ್ಷ ಬೇರೆ ಇರಬೇಕು.

ಅರಿಜೋನಾದ ಕವೆನೆಂಟ್ ಇಷ್ಟು ಬಿಗಿಯಲ್ಲ. ಇಬ್ಬರೂ ಒಪ್ಪಿದರೆ ಅಲ್ಲಿ ಬೇರೆಯಾಗಬಹುದು. ಫೀನಿಕ್ಸ್ ಕಡೆಯ ನಮ್ಮವರು ಗಮನಿಸಬೇಕಾದ ಮಾತಿದು.

ಶ್ರದ್ಧೆಯಿಂದ, ಇಬ್ಬರೂ ಮನಸಾರೆ ಬಯಸಿದರೆ ಕವೆನೆಂಟ್ ಆಗಬಹುದು. ಅರ್ಕಾನ್ಸಾದ ಆಗಿನ ಗವರ್ನರ್ ಮೈಕ್ ಹಕಬೀ ದಂಪತಿ 2005ರಲ್ಲಿ ತಮ್ಮ ಹಳೆಯ ಮದುವೆಯನ್ನೇ ಹೀಗೆ ಬದಲಿಸಿಕೊಂಡರು. ಆದರೆ ಚರ್ಚಿನವರೋ ಮನೆಯವರೋ ಒತ್ತಾಯಿಸುತ್ತಿದ್ದರೆ ನಾನಂತೂ ಸಾಮಾನ್ಯ ಮದುವೆಯನ್ನೇ ಹೇಳುತ್ತೇನೆ. ದೌರ್ಜನ್ಯವನ್ನು ಕೋರ್ಟಿನಲ್ಲಿ ಸಾಬೀತುಪಡಿಸುವುದು ಸುಲಭವಲ್ಲ. ಲೂಸಿಯಾನಾದಲ್ಲೂ ಈ ದಾರಿ ಹಿಡಿದವರು ತೀರಾ ಕಡಿಮೆ.